ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಅರಿಶಿನ

ನನ್ನ ಮನೆಯ ಹಾಲಿಗೆ ಕಾಲಿಟ್ಟವರು ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ. ‘ಇವೆಲ್ಲ ಆಡ್ತೀರಾ?’ ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗಾಜಿನ ಬಾಗಿಲಿನ ಕಪಾಟು, ಅದರ ಐದು ಅಂತಸ್ತುಗಳಲ್ಲಿ ಮೂವತ್ತೊಂದು ವಿಡಿಯೋ ಗೇಮ್ ಕನ್ಸೋಲ್‌ಗಳು. ಇಲ್ಲ, ಆಡುವುದಿಲ್ಲ ಅಂದರೆ ಎರಡನೆಯ ಪ್ರಶ್ನೆ ನಾಲಗೆಯ ತುದಿಯಲ್ಲೇ ಇರುತ್ತದೆ. ‘ಮತ್ಯಾಕೆ ಇಟ್ಕೊಂಡಿದೀರ?’ ಹೀಗೆ ಕೇಳುವವರ ಮನೆಗೂ ನಾನು ಹೋಗಿದ್ದೇನೆ. ಅವರ ಶೋಕೇಸಿನಲ್ಲಿ ಇಪ್ಪತ್ತು ವರ್ಷದಿಂದ ಯಾರೂ ಟೀ ಕುಡಿಯದ ಟೀ ಸೆಟ್ಟು ಇರುತ್ತದೆ. ಸುತ್ತಿದ ಹಾಳೆ ಕೂಡ ಬಿಚ್ಚದ ಮದುವೆ ಉಡುಗೊರೆಗಳಿರುತ್ತವೆ. ನವರಾತ್ರಿ ಬಂದರೆ ಒಂಬತ್ತು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಾರೆ. ಈ ಗೊಂಬೆಗಳ ಜೊತೆ ಆಡ್ತೀರಾ ಅಂತ ನಾನು ಒಬ್ಬರನ್ನೂ ಕೇಳಿಲ್ಲ. ಕೊಟ್ಟ ಕೋಸಂಬರಿ ತಿಂದು, ಚೆನ್ನಾಗಿದೆ ಅಂತ ಹೇಳಿ ಬಂದಿದ್ದೇನೆ. ಅಷ್ಟು ಮರ್ಯಾದೆ ನನಗೂ ಸಿಗಬೇಕಲ್ಲ?

ನನ್ನ ಹಾಗೆ ಕನ್ಸೋಲ್ ಕೂಡಿಡುವವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಮೇಲೂ ನನಗೆ ದೊಡ್ಡ ಪ್ರೀತಿಯೇನಿಲ್ಲ. ಹೆಚ್ಚಿನವರು ವೈಟ್‌ಫೀಲ್ಡಿನ ಕಡೆಯವರು. ಒಬ್ಬ ಕಂಪ್ಯೂಟರಿನಲ್ಲಿ ಮೀಟಿಂಗ್ ಮಾಡುವಾಗ ಬೆನ್ನ ಹಿಂದೆ ಕಾಣಲಿ ಅಂತಲೇ ಜೋಡಿಸಿಕೊಂಡಿದ್ದಾನೆ, ಕ್ಯಾಮೆರಾಕ್ಕೆ ಕಾಣದ ಕಡೆ ಖಾಲಿ ಗೋಡೆ. ಇನ್ನೊಬ್ಬ ಡಬ್ಬ ಕೂಡ ಬಿಚ್ಚುವುದಿಲ್ಲ, ಮುಂದೆ ಬೆಲೆ ಬರುತ್ತದಂತೆ. ಬಣ್ಣದ ಲೈಟು ಹಾಕಿ ಮನೆಯ ಹಾಲ್ ಅನ್ನೇ ಬಾರ್ ಮಾಡಿಕೊಂಡವನೂ ಇದ್ದಾನೆ. ಯಾಕೆ ಇಟ್ಟಿದ್ದೀರಿ ಅಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಬಾಲ್ಯದ ನೆನಪು. ಇರಬಹುದು. ಅವರ ಬಾಲ್ಯದಲ್ಲಿ ಟಿವಿ ಗೇಮು ಇತ್ತು. ನಮ್ಮದು ರಾಜಗೋಪಾಲನಗರದ ವಠಾರದ ಒಂದೇ ಕೋಣೆಯ ಮನೆ. ಟಿವಿ ಗೇಮು ಇದ್ದದ್ದು ಓನರ್ ಮಗನ ಹತ್ತಿರ. ಅವರ ಕಿಟಕಿ ನನಗೆ ಎಟುಕುತ್ತಿರಲಿಲ್ಲ. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ನಿಲ್ಲುತ್ತಿದ್ದಳು, ಓನರ್ ಹೆಂಡತಿ ಬಂದು ಕಿಟಕಿಯ ಬಾಗಿಲು ಹಾಕುವ ತನಕ.

ಆದರೆ ಅದಕ್ಕೆ ಸೇಡು ಅಂತ ನಾನು ಇವನ್ನು ಇಟ್ಟಿಲ್ಲ. ಇಟ್ಟಿರುವುದಕ್ಕೆ ಕಾರಣ ನನ್ನ ಕಸುಬು. ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಶೆಡ್ಡು ಇದೆ. ಪ್ಲಾಸ್ಟಿಕ್ ಸಾಮಾನು ಎರಕ ಹೊಯ್ಯುವ ಉಕ್ಕಿನ ಅಚ್ಚು ಮಾಡುತ್ತೇನೆ, ಪಕ್ಕದಲ್ಲೇ ಎರಡು ಮೋಲ್ಡಿಂಗ್ ಮಿಷನ್ ಓಡುತ್ತವೆ. ನೀವು ಮುಟ್ಟುವ ಸ್ವಿಚ್ಚು, ಮಿಕ್ಸಿಯ ಹಿಡಿ, ಬಕೆಟ್ಟಿನ ಕಿವಿ, ಎಲ್ಲದರ ಹಿಂದೆ ಒಬ್ಬ ಅಚ್ಚು ಮಾಡಿದವನು ಇದ್ದಾನೆ. ಅಚ್ಚು ಮಿಷನ್ನಿನ ಹೊಟ್ಟೆಯೊಳಗೇ ಇದ್ದು ಸವೆದುಹೋಗುತ್ತದೆ, ಯಾರೂ ನೋಡುವುದಿಲ್ಲ. ಅದನ್ನು ಮಾಡಿದವನ ಹೆಸರು ಎಲ್ಲಿಯೂ ಬರುವುದಿಲ್ಲ. ಕನ್ಸೋಲ್ ಕೈಗೆತ್ತಿಕೊಂಡಾಗ ನಾನು ನೋಡುವುದು ಅದರೊಳಗಿನ ಆಟವನ್ನಲ್ಲ. ಅದರ ಮೈಯನ್ನು. ಎರಡು ಭಾಗ ಕೂಡುವ ಗೆರೆ ಉಗುರಿಗೆ ಸಿಗುತ್ತದೋ ಇಲ್ಲವೋ, ಗಾಳಿ ಆಡುವ ಸಂದಿಗಳು ಒಂದೇ ಅಳತೆಯಲ್ಲಿವೆಯೋ ಇಲ್ಲವೋ, ಕೆಳಮೈಯಲ್ಲೂ ಮೇಲ್ಮೈಯಷ್ಟೇ ಶ್ರದ್ಧೆ ಇದೆಯೋ ಇಲ್ಲವೋ. ಯಾವುದೋ ದೇಶದಲ್ಲಿ ನನ್ನ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಉಕ್ಕು ಉಜ್ಜಿದ ಒಬ್ಬ ಮನುಷ್ಯನ ಕೈಚಳಕ ಅದು. ಅದನ್ನು ಮಂಚದ ಕೆಳಗೆ ರಟ್ಟಿನ ಡಬ್ಬದಲ್ಲಿ ಇಡಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೇ ಗಾಜಿನ ಹಿಂದೆ ನಿಲ್ಲಿಸಿದ್ದೇನೆ. ಇಷ್ಟನ್ನು ಬಂದವರಿಗೆಲ್ಲ ವಿವರಿಸುವ ತಾಳ್ಮೆ ನನಗಿಲ್ಲ. ‘ಸುಮ್ನೆ’ ಅಂದುಬಿಡುತ್ತೇನೆ.

ಆ ಪ್ರಶ್ನೆಯನ್ನು ಒಮ್ಮೆಯೂ ಕೇಳದೆ ಇದ್ದವಳು ಅಕ್ಕ ಒಬ್ಬಳೇ. ಅವಳು ಶೆಡ್ಡು ಶುರುವಾದ ದಿನದಿಂದ ನನ್ನ ಜೊತೆ ಕೆಲಸ ಮಾಡುತ್ತಿದ್ದಾಳೆ. ಎರಕವಾಗಿ ಬಂದ ಸಾಮಾನಿನ ಅಂಚಿನಲ್ಲಿ ತೆಳ್ಳಗೆ ಪ್ಲಾಸ್ಟಿಕ್ ಉಳಿದಿರುತ್ತದೆ, ನಾವು ಅದನ್ನು ಫ್ಲ್ಯಾಶ್ ಅನ್ನುತ್ತೇವೆ. ಅದನ್ನು ಚಾಕುವಿನಲ್ಲಿ ಹೆರೆದು ತೆಗೆಯುವುದು ಅವಳ ಕೆಲಸ. ಕಣ್ಣಿಗೆ ಕಾಣದ ಫ್ಲ್ಯಾಶ್ ಅವಳ ಹೆಬ್ಬೆರಳಿಗೆ ಸಿಗುತ್ತದೆ. ಜಪಾನಿನಿಂದ ತರಿಸಿದ ಬಿಳಿ ಕನ್ಸೋಲ್ ಮನೆಗೆ ಬಂದ ದಿನ ಅವಳ ಕೈಗೆ ಕೊಟ್ಟಿದ್ದೆ. ಸುತ್ತಲೂ ಒಮ್ಮೆ ಹೆಬ್ಬೆರಳು ಆಡಿಸಿದಳು, ತಿರುಗಿಸಿ ಇನ್ನೊಮ್ಮೆ ಆಡಿಸಿದಳು. ‘ಲೋ, ಇದನ್ನ ಮಾಡಿದೋನು ಯಾರೋ ಗೊತ್ತಿಲ್ಲ, ನನ್ನಂಥೋಳಿಗೆ ಕೆಲ್ಸಾನೇ ಇಲ್ದಂಗೆ ಮಾಡವ್ನೆ’ ಅಂದಳು. ಹೊಗಳಿಕೆ ಅಂದರೆ ಅದು. ವೈಟ್‌ಫೀಲ್ಡಿನ ಅಷ್ಟೂ ಜನ ಸೇರಿ ಅದರ ಅರ್ಧದಷ್ಟು ಮಾತು ಇಲ್ಲಿಯವರೆಗೆ ಆಡಿಲ್ಲ.

ಭಾವ ಕಾಮಾಲೆಯಾಗಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರು ಹೋದ ಮೇಲೆ ನಮ್ಮ ಬಂಧುಗಳು ಗಂಡ ಸತ್ತವರಿಗೆಲ್ಲ ಏನು ಮಾಡುತ್ತಾರೋ ಅಕ್ಕನಿಗೂ ಅದನ್ನೇ ಮಾಡಿದರು. ಬೈಯಲಿಲ್ಲ, ಹೊರಗೆ ಹಾಕಲಿಲ್ಲ. ಸೀಮಂತಕ್ಕೆ ಕರೆದು ಅಡುಗೆಮನೆಯಲ್ಲಿ ಕೂರಿಸಿದರು. ಗೃಹಪ್ರವೇಶಕ್ಕೆ ಕರೆದು, ಕುಂಕುಮ ಹಂಚುವ ಹೊತ್ತಿಗೆ ಏನೋ ತರಲು ಅಂಗಡಿಗೆ ಕಳಿಸಿದರು. ಇದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಭಾವ ಹೋದ ಮರುವರ್ಷದ ಆಯುಧಪೂಜೆಗೆ ಶೆಡ್ಡಿನಲ್ಲಿ ಎಲ್ಲರ ಎದುರಿಗೆ ಅರಿಶಿನ ಕುಂಕುಮದ ತಟ್ಟೆಯನ್ನು ಅಕ್ಕನ ಕೈಗೆ ಕೊಟ್ಟೆ. ಮೊದಲ ಮಿಷನ್ನಿಗೆ ಮೊದಲ ಕುಂಕುಮ ಅವಳದೇ ಅಂದೆ. ಹಳ್ಳಿಯಿಂದ ಬಂದಿದ್ದ ನಮ್ಮ ಚಿಕ್ಕಮ್ಮ ಮುಖ ಊದಿಸಿಕೊಂಡು ಊಟವನ್ನೂ ಮಾಡದೆ ಹೋದಳು. ಹೋಗಲಿ ಅಂದೆ. ಅಲ್ಲಿಂದ ಪ್ರತಿ ವರ್ಷವೂ ಅಕ್ಕನೇ ಪೂಜೆ ಮಾಡಿದಳು. ಆ ಒಂದು ದಿನ ಅವಳು ರೇಷ್ಮೆ ಸೀರೆ ಉಟ್ಟು ಬರುತ್ತಿದ್ದಳು. ಮಿಷನ್ನು, ಚಾಕು, ಅಳತೆಯ ಪಟ್ಟಿ, ಡೆಲಿವರಿ ಆಟೊ, ಒಂದನ್ನೂ ಬಿಡದೆ ವಿಭೂತಿ ಎಳೆದು, ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸುತ್ತಿದ್ದಳು. ನೋಡ್ರೋ, ನಮ್ಮ ಮನೇಲಿ ಹೀಗೆ, ಅಂತ ನಾನು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ. ಹೌದು, ನನಗೆ ಅದರಲ್ಲಿ ಬಹಳ ಜಂಬವಿತ್ತು.

ಹೋದ ಆಯುಧಪೂಜೆಗೆ ಶೆಡ್ಡಿನ ಪೂಜೆ ಬೇಗ ಮುಗಿಯಿತು. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಅಕ್ಕ ಮುಂಚೆಯೇ ಅಲ್ಲಿಗೆ ಹೋಗಿದ್ದಳು. ಕೋಪ ಇಳಿದು ಮತ್ತೆ ಬರಲು ಶುರುಮಾಡಿದ್ದ ಚಿಕ್ಕಮ್ಮ ಸೋಫಾದ ಮೇಲಿದ್ದಳು. ನನ್ನ ಹೆಂಡತಿ ಅಡುಗೆಮನೆಯಲ್ಲಿದ್ದಳು. ವೈಟ್‌ಫೀಲ್ಡಿನ ಒಬ್ಬ ಕನ್ಸೋಲ್ ಸಂಗ್ರಹಕಾರ ಆ ಬಿಳಿ ಕನ್ಸೋಲನ್ನು ಕಣ್ಣಾರೆ ನೋಡಬೇಕು ಅಂತ ಆರು ತಿಂಗಳಿಂದ ಗಂಟುಬಿದ್ದಿದ್ದ, ಅವನನ್ನೂ ಅವತ್ತೇ ಊಟಕ್ಕೆ ಕರೆದಿದ್ದೆ. ಕೆಳಗೆ ಗೇಟಿನ ಹತ್ತಿರ ಹೋಗಿ ಅವನನ್ನು ಕರೆದುಕೊಂಡು ಮೇಲೆ ಬಂದೆ. ಮೆಟ್ಟಿಲು ಹತ್ತುವಾಗಲೇ ಹೇಳುತ್ತಿದ್ದೆ, ಆ ಕಾಲದ ಬಿಳಿ ಪ್ಲಾಸ್ಟಿಕ್ಕು ಎಲ್ಲರ ಮನೆಯಲ್ಲೂ ಹಳದಿಯಾಗಿದೆ, ನನ್ನದೊಂದು ಮಾತ್ರ ಹಾಲಿನ ಹಾಗಿದೆ ಅಂತ. ಅದಕ್ಕೆ ಬಿಸಿಲು ತಾಗಬಾರದು. ಅದಕ್ಕಾಗಿಯೇ ಹಾಲ್‌ನ ಕಿಟಕಿಯ ಪರದೆ ಹಗಲಿನಲ್ಲೂ ಸರಿಸಲು ಬಿಡದೆ ಹೆಂಡತಿಯ ಕೈಯಲ್ಲಿ ಬೈಸಿಕೊಂಡಿದ್ದೆ.

ಒಳಗೆ ಬಂದು ನೋಡಿದರೆ ಕಪಾಟಿನ ಗಾಜಿನ ಬಾಗಿಲು ತೆರೆದಿತ್ತು. ಅಕ್ಕ ಅದರ ಮುಂದೆ ತಟ್ಟೆ ಹಿಡಿದು ನಿಂತಿದ್ದಳು. ಮೇಲಿನ ಅಂತಸ್ತಿನ ಎರಡು ಕನ್ಸೋಲ್‌ಗಳ ಹಣೆಗೆ ಆಗಲೇ ಮೂರು ಗೆರೆ ವಿಭೂತಿ, ನಡುವೆ ಅರಿಶಿನ, ಅದರ ಮೇಲೆ ದುಂಡಗೆ ಕುಂಕುಮ, ತಲೆಯ ಮೇಲೊಂದು ಸೇವಂತಿಗೆ. ಮೂರನೆಯದು ಬಿಳಿಯದು. ಅದಕ್ಕೆ ಅರಿಶಿನ ಇಟ್ಟಾಗಿತ್ತು. ನೀರಿನಲ್ಲಿ ಕಲಸಿದ ಅರಿಶಿನ ಸಣ್ಣಗೆ ಇಳಿದು ಗಾಳಿಯ ಸಂದಿಯೊಳಗೆ ಹೋಗುತ್ತಿತ್ತು. ಅಕ್ಕ ನನ್ನನ್ನು ನೋಡಿ ನಕ್ಕಳು. ‘ದುಡಿಯೋ ಮಿಷನ್ನಿಗೆಲ್ಲ ಮಾಡ್ದೆ ಕಣೋ. ಪಾಪ, ಕೂತಿರೋ ಮಿಷನ್ನಿಗೆ ಬ್ಯಾಡ್ವಾ?’ ಅಂತ ಉಂಗುರಬೆರಳನ್ನು ಕುಂಕುಮಕ್ಕೆ ಅದ್ದಿದಳು.

ನಾನು ಹೋಗಿ ತಟ್ಟೆ ಕಿತ್ತುಕೊಂಡೆ.

ತೆಗೆದುಕೊಂಡೆ ಅಂತ ಬರೆಯಬಹುದಿತ್ತು. ಆದರೆ ಕಿತ್ತುಕೊಂಡೆ. ಅವಳ ಮಣಿಕಟ್ಟು ಹಿಡಿದು ತಿರುಗಿಸಿ ಕಿತ್ತುಕೊಂಡೆ. ಕುಂಕುಮ ನೆಲಕ್ಕೂ ಅವಳ ರೇಷ್ಮೆ ಸೀರೆಗೂ ಚೆಲ್ಲಿತು. ‘ತಲೆ ಇದ್ಯಾ ನಿಂಗೆ? ಯಾರು ಹೇಳಿದ್ರು ನಿಂಗೆ ಇದನ್ನ ಮಾಡು ಅಂತ?’ ಅಂತ ಕೂಗಿದೆ. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ವೈಟ್‌ಫೀಲ್ಡಿನವನು ನನಗಿಂತ ಮುಂದೆ ಹೋಗಿ ಬಿಳಿ ಕನ್ಸೋಲಿನ ಮೇಲೆ ಬಗ್ಗಿದ. ‘ಅಯ್ಯೋ, ಉಜ್ಜಬೇಡಿ ಸಾರ್, ಒತ್ತಿ ತೆಗೀರಿ, ಟಿಶ್ಯೂ ಇದ್ಯಾ?’ ಅಂದ. ಮಣಿಕಟ್ಟು ಹಿಡಿದುಕೊಂಡು ನಿಂತ ಹೆಂಗಸು ಅವನ ಕಣ್ಣಿಗೇ ಬೀಳಲಿಲ್ಲ. ನಾನೂ ಟಿಶ್ಯೂ ಹುಡುಕಿದೆ.

ಆಗ ಚಿಕ್ಕಮ್ಮ ಸೋಫಾದಿಂದ ಬಾಯಿ ತೆಗೆದಳು. ‘ಸರ್ಯಾಗ್ ಮಾಡ್ದೆ ಕಣಪ್ಪ. ಶೆಡ್ನಾಗೆ ಏನಾರ ಮಾಡ್ಕಳ್ಳಿ, ಮನೆವೊಳಗೆ ಅವಳ ಕೈಯಾಗೆ ಕುಂಕುಮ ಇಡುಸ್ಬಾರ್ದು. ನಾನು ಅವತ್ತೇ ಯೋಳ್ದೆ. ಈಗ್ಲಾರ ಬುದ್ಧಿ ಬಂತಲ್ಲ, ಅಷ್ಟೇ ಸಾಕು.’

ನನಗೆ ಕೇಳಿಸಲಿಲ್ಲ ಅಂದರೆ ಅದು ಸುಳ್ಳು. ಸ್ಪಷ್ಟವಾಗಿ ಕೇಳಿಸಿತು. ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು, ಅದೂ ಕಾಣಿಸಿತು. ಅಲ್ಲ ಚಿಕ್ಕಮ್ಮ, ನಾನು ಅದಕ್ಕೆ ಕಿತ್ತುಕೊಂಡಿದ್ದಲ್ಲ, ಅಂತ ಒಂದು ಮಾತು. ಅಷ್ಟಕ್ಕೆ ಎಷ್ಟು ಹೊತ್ತು ಬೇಕು? ನನ್ನ ಕೈಯಲ್ಲಿ ಬಿಳಿ ಪೆಟ್ಟಿಗೆ ಇತ್ತು, ಟಿಶ್ಯೂ ಒತ್ತಿದಷ್ಟೂ ಅರಿಶಿನ ಹರಡುತ್ತಿತ್ತು. ಮೊದಲು ಇದನ್ನು ಮುಗಿಸೋಣ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಅಕ್ಕ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದಳು. ನೆಲ ಒರೆಸಿದಳು. ಎಲ್ಲರಿಗೂ ಬಡಿಸಿದಳು, ಆ ಸಂಗ್ರಹಕಾರನಿಗೆ ಹೋಳಿಗೆಯ ಮೇಲೆ ತುಪ್ಪವನ್ನೂ ಹಾಕಿದಳು. ನಮ್ಮ ಊಟ ಮುಗಿಯುವ ಹೊತ್ತಿಗೆ ‘ಬರ್ತೀನಿ’ ಅಂತ ಹೊರಟುಬಿಟ್ಟಳು. ಅವಳು ಊಟ ಮಾಡಿದಳೋ ಇಲ್ಲವೋ ಅಂತ ಸಂಜೆ ಹೆಂಡತಿ ಕೇಳಿದಳು. ನನಗೆ ಗೊತ್ತಿರಲಿಲ್ಲ.

ಅರಿಶಿನ ಹೋಗಲಿಲ್ಲ. ನನ್ನ ಕಸುಬೇ ಅದು, ಯಾವ ಪ್ಲಾಸ್ಟಿಕ್ಕಿಗೆ ಯಾವ ರಾಸಾಯನಿಕ ತಾಗಿದರೆ ಏನಾಗುತ್ತದೆ ಅಂತ ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಒಂದು ವಾರ ನನಗೆ ಗೊತ್ತಿರುವುದನ್ನೆಲ್ಲ ಮಾಡಿದೆ. ಹೆಬ್ಬೆರಳಿನಷ್ಟಗಲ ಹಳದಿ ಹಾಗೆಯೇ ಉಳಿಯಿತು. ಅದನ್ನು ನೋಡಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಆ ಸಿಟ್ಟು ಅಕ್ಕನ ಮೇಲೇ ಬರುತ್ತಿತ್ತು, ಅದನ್ನೂ ಬರೆದುಬಿಡುತ್ತೇನೆ. ಕೇಳದೆ ಯಾಕೆ ಮುಟ್ಟಬೇಕಿತ್ತು? ಅವಳು ಎಂದಿನಂತೆ ಕೆಲಸಕ್ಕೆ ಬರುತ್ತಿದ್ದಳು, ಎಂದಿನಂತೆ ಮಾತಾಡುತ್ತಿದ್ದಳು. ಅವಳೇ ಮರೆತಿರುವಾಗ ನಾನ್ಯಾಕೆ ಎತ್ತಲಿ ಅಂತ ನಾನು ಬಾಯಿಗೆ ಬೀಗ ಹಾಕಿಕೊಂಡೆ. ನನಗೆ ಅನುಕೂಲವಾಗುವಂಥದ್ದನ್ನು ನಂಬುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ಆದರೆ ಚಿಕ್ಕಮ್ಮ ಸುಮ್ಮನಿರುವ ಪೈಕಿ ಅಲ್ಲ. ಎಷ್ಟು ಮನೆಯಲ್ಲಿ ಆ ಕತೆ ಹೇಳಿದ್ದಳೋ, ನನಗೆ ಅದು ಗೊತ್ತಾಗಿದ್ದು ಅಕ್ಕನ ಮಗಳ ಮದುವೆಯಲ್ಲಿ. ಅಕ್ಕನಿಗೆ ಇರುವವಳು ಅವಳೊಬ್ಬಳೇ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತಾಳೆ, ಬಾಯಿ ಜೋರು. ಅರಿಶಿನ ಶಾಸ್ತ್ರದ ದಿನ ಬೆಳಿಗ್ಗೆ ಅಕ್ಕನ ಮನೆಯ ಟೆರೇಸಿನಲ್ಲಿ ಶಾಮಿಯಾನ ಹಾಕಿ ಅವಳನ್ನು ಮಣೆಯ ಮೇಲೆ ಕೂರಿಸಿದ್ದರು. ಮೊದಲು ಮುತ್ತೈದೆಯರು ಹಚ್ಚಬೇಕು ಅಂತ ಚಿಕ್ಕಮ್ಮ ಹೆಂಗಸರನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ಹುಡುಗಿ ಕೆನ್ನೆಯನ್ನು ಆಚೆ ತಿರುಗಿಸಿದಳು. ‘ಮೊದ್ಲು ನಮ್ಮಮ್ಮ ಹಚ್ಲಿ. ಇಲ್ಲಾಂದ್ರೆ ನಂಗೆ ಈ ಶಾಸ್ತ್ರಾನೇ ಬೇಡ’ ಅಂದಳು. ಅಕ್ಕ ಟೆರೇಸಿನ ಬಾಗಿಲ ಹತ್ತಿರ ಹೂವಿನ ಬುಟ್ಟಿ ಹಿಡಿದು ನಿಂತಿದ್ದಳು.

ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟಳು. ‘ಅಂಗೆಲ್ಲ ಆಗಾಕಿಲ್ಲ ಕಣಮ್ಮ. ನಿನ್ನ ಬಾಳು ಚೆಂದಾಗಿರ್ಲಿ ಅಂತ ಯೋಳ್ತಿರಾದು. ನಿಮ್ಮ ಮಾಮನ್ನೇ ಕೇಳು ಬೇಕಾರೆ. ಒಡಹುಟ್ದೋನು. ಅಂಥ ದೊಡ್ಡ ಮನ್ಸನೇ ಆಯುಧಪೂಜೆ ದಿವ್ಸ ಅವಳ ಕೈಯಿಂದ ಕುಂಕುಮದ ತಟ್ಟೆ ಕಿತ್ಕಂಡ. ನಾನೇ ಕಣ್ಣಾರೆ ನೋಡಿವ್ನಿ.’

ಟೆರೇಸಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಹುಡುಗಿಗೆ ಈ ವಿಷಯ ಗೊತ್ತೇ ಇರಲಿಲ್ಲ ಅಂತ ಅವಳ ಮುಖ ನೋಡಿದರೇ ತಿಳಿಯಿತು. ಅಕ್ಕ ಮಗಳಿಗೂ ಹೇಳಿರಲಿಲ್ಲ. ‘ಹೌದಾ ಮಾಮ?’ ಅಂದಳು.

ಎಂಟು ತಿಂಗಳು ತಡವಾಗಿ ನನಗೆ ಬಾಯಿ ಬಂತು. ‘ಅದಕ್ಕಲ್ಲ ಕಣಮ್ಮ. ಶಾಸ್ತ್ರ ಗೀಸ್ತ್ರ ಎಲ್ಲ ನಾನು ನೋಡಲ್ಲ, ನಿಂಗೆ ಗೊತ್ತಲ್ಲ. ಅಕ್ಕ ನನ್ನ ಬಿಳಿ ಕನ್ಸೋಲಿಗೆ ಅರಿಶಿನ ಹಚ್ತಾ ಇದ್ಲು. ಹಳೇ ಪ್ಲಾಸ್ಟಿಕ್ ಅದು, ಅರಿಶಿನ ಹಿಡಿದ್ರೆ ಬಿಡಲ್ಲ. ಕಲೆ ಆಗುತ್ತೆ ಅಂತ ಕಿತ್ಕೊಂಡೆ. ಅಷ್ಟೇನೇ. ನಿಮ್ಮಮ್ಮ ಗಂಡ ಸತ್ತೋಳು ಅಂತ ಅಲ್ಲ.’

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ‘ಆಟದ ಸಾಮಾನಿಗಾ?’ ಅಂತ ಒಬ್ಬರು ಪಿಸುಗುಟ್ಟಿದರು. ನಗಲಿ, ಇವತ್ತಿಗೆ ಇದು ತೀರಿತು ಅಂದುಕೊಂಡು ನಾನು ಅಕ್ಕನ ಕಡೆ ನೋಡಿದೆ. ಅವಳ ಮುಖ ಹಗುರವಾಗುತ್ತದೆ ಅಂತ ಕಾದೆ.

ಅಕ್ಕ ಹೂವಿನ ಬುಟ್ಟಿಯನ್ನು ಕೆಳಗಿಟ್ಟು ನನ್ನ ಹತ್ತಿರ ಬಂದಳು. ಕೂಗಲಿಲ್ಲ. ‘ಶಾಸ್ತ್ರಕ್ಕೆ ಅಂದ್ಕೊಂಡಿದ್ದೆ ಕಣೋ’ ಅಂದಳು. ‘ಚಿಕ್ಕಮ್ಮ ಇದ್ಲು, ನಾಲ್ಕು ಜನ ಏನಂತಾರೋ ಅಂತ ನಿಂಗೂ ಭಯ ಆಗಿರುತ್ತೆ, ಅದಕ್ಕೆ ಕಿತ್ಕೊಂಡ ಅಂತ ಇಷ್ಟು ದಿವ್ಸ ನುಂಗ್ಕೊಂಡಿದ್ದೆ. ಎಲ್ರೂ ಮಾಡೋದೇ ತಾನೆ, ಇವ್ನೂ ಮನುಷ್ಯ ಅಂತ. ಪ್ಲಾಸ್ಟಿಕ್ಕಿಗಾ ಕೈ ತಿರುಚಿದ್ದು ನೀನು?’

‘ಅಕ್ಕ’ ಅಂದೆ. ಅವಳು ಕಾಯಲಿಲ್ಲ. ನೆಟ್ಟಗೆ ಮಣೆಯ ಹತ್ತಿರ ಹೋಗಿ, ಸಾಲಿನಲ್ಲಿ ನಿಂತ ಮುತ್ತೈದೆಯರನ್ನು ಸರಿಸಿ, ಬಟ್ಟಲಿನಲ್ಲಿದ್ದ ಅರಿಶಿನವನ್ನು ಎರಡೂ ಕೈಯಲ್ಲಿ ತೆಗೆದು ಮಗಳ ಕೆನ್ನೆಗೆ, ಕತ್ತಿಗೆ, ತೋಳಿಗೆ ಹಚ್ಚಿದಳು. ತಡೆಯಲು ಚಿಕ್ಕಮ್ಮನಿಗೂ ಧೈರ್ಯ ಬರಲಿಲ್ಲ. ತಾಯಿ ಮಗಳು ಇಬ್ಬರೂ ಅಳುತ್ತಿದ್ದರು. ನಾನು ಶಾಮಿಯಾನದ ಕಂಬದ ಹತ್ತಿರ ನಿಂತು, ಕೊನೆಗೂ ಆಗಬೇಕಾದ್ದು ಆಯಿತಲ್ಲ ಅಂತ ನನ್ನನ್ನೇ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಊಟಕ್ಕೆ ಎಲ್ಲರನ್ನೂ ಎಬ್ಬಿಸಿದ ಅಕ್ಕ ನನ್ನನ್ನೂ ಎಬ್ಬಿಸಿದಳು, ಬಡಿಸಿದಳು, ಏನು ಬೇಕು ಅಂತ ಮಾತ್ರ ಕೇಳಲಿಲ್ಲ.

ಮದುವೆ ಮುಗಿದು, ಬೀಗರ ಊಟ ಮುಗಿದು, ಸೋಮವಾರ ಅವಳು ಕೆಲಸಕ್ಕೆ ಬಂದಳು. ನಾನು ಬೇಗ ಹೋಗಿ ಕಾದಿದ್ದೆ. ಇಷ್ಟು ವರ್ಷ ಆ ಶೆಡ್ಡಿನಲ್ಲಿ ಅವಳು ನನ್ನನ್ನು ಕರೆದದ್ದು ‘ಲೋ’ ಅಂತಲೇ. ದೊಡ್ಡ ಕಂಪನಿಯವರು ಆರ್ಡರ್ ಕೊಡಲು ಬಂದು ಕೂತಿದ್ದಾಗಲೂ ‘ಲೋ, ಇಲ್ಲಿ ಬಾರೋ’ ಅಂತ ಕೂಗಿ ನನ್ನ ಮಾನ ಕಳೆಯುತ್ತಿದ್ದಳು. ಕೆಲಸದವರ ಮುಂದೆ ಹಾಗೆ ಕರೀಬೇಡ ಅಂತ ಎಷ್ಟೋ ಸಲ ನಾನೇ ಜಗಳ ಆಡಿದ್ದೆ. ಆ ದಿನ ಅವಳು ತನ್ನ ಸ್ಟೂಲಿನ ಮೇಲೆ ಕೂತು, ಎಂದಿನಂತೆ ಮೊದಲ ಟ್ರೇಯ ಸಾಮಾನಿಗೆ ಹೆಬ್ಬೆರಳು ಆಡಿಸಿ, ಒಂದನ್ನು ತೆಗೆದುಕೊಂಡು ಎದ್ದು ನನ್ನ ಟೇಬಲ್ಲಿನ ಹತ್ತಿರ ಬಂದಳು. ಮಿಷನ್ನಿನ ಹತ್ತಿರ ಇದ್ದ ಇಬ್ಬರೂ ತಲೆಯೆತ್ತಿ ನೋಡಿದರು.

‘ಸಾರ್, ಇದ್ರಲ್ಲಿ ಫ್ಲ್ಯಾಶ್ ಜಾಸ್ತಿ ಬರ್ತಾ ಇದೆ. ಒಂದ್ಸಲ ನೋಡ್ಬಿಡಿ’ ಅಂದಳು.